ವೃತ್ತಿ ಅಪರಾಧವಲ್ಲ, ಮುನ್ನೆಚ್ಚರಿಕೆ ಅಪರಾಧ

ರಾತ್ರಿ ಎಂಟು ದಾಟಿದ ಹೊತ್ತು. ಬಸ್ ನಿಲ್ದಾಣದ ಕಾಂಪೌಂಡ್ ಪಕ್ಕ, ಬೀದಿದೀಪದ ಬೆಳಕು ಅರ್ಧಂಬರ್ಧ ಬೀಳುವ ಕಡೆ ಮಹಿಳೆಯೊಬ್ಬಳು ನಿಂತಿರುತ್ತಾಳೆ. ಗಿರಾಕಿ ಹತ್ತಿರ ಬರುತ್ತಾನೆ. ಕುಡಿದಿದ್ದಾನೆಯೇ? ಒಬ್ಬನೇ ಬಂದಿದ್ದಾನೆಯೇ, ಇಲ್ಲ ಆಚೆ ಆಟೊದಲ್ಲಿ ಇನ್ನಿಬ್ಬರು ಕಾದಿದ್ದಾರೆಯೇ? ಕರೆಯುತ್ತಿರುವುದು ಗೊತ್ತಿರುವ ಲಾಡ್ಜಿಗೋ, ಊರಾಚೆಯ ಖಾಲಿ ಲೇಔಟಿಗೋ? ಕಾಂಡೋಮ್ ಬೇಕೆಂದರೆ ಒಪ್ಪುತ್ತಾನೋ ಇಲ್ಲವೋ? ಇಷ್ಟನ್ನೂ ಆಕೆ ಎರಡು ಮೂರು ನಿಮಿಷದ ಮಾತಿನಲ್ಲಿ ಅಳೆದುಕೊಳ್ಳಬೇಕು. ಅಷ್ಟರಲ್ಲಿ ರಸ್ತೆಯ ತಿರುವಿನಲ್ಲಿ ಪೊಲೀಸ್ ಜೀಪು ಕಂಡಿತೆಂದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ಅಳತೆ ಮುಗಿಯುವ ಮೊದಲೇ ಆಕೆ ಗಾಡಿ ಹತ್ತಿರುತ್ತಾಳೆ.

ಬೀದಿಯಲ್ಲಿ ದುಡಿಯುವ ಲೈಂಗಿಕ ಕಾರ್ಯಕರ್ತೆಗೆ ಆ ಎರಡು ನಿಮಿಷದ ಮಾತೇ ಮೊದಲ ರಕ್ಷಣೆ. ಭಾರತದ ಕಾನೂನಿನಲ್ಲಿ ಆ ಮಾತೇ ಅಪರಾಧ. ಆದರೆ ವಯಸ್ಕ ಮಹಿಳೆಯೊಬ್ಬಳು ತನ್ನ ಇಚ್ಛೆಯಿಂದ, ಖಾಸಗಿ ಜಾಗದಲ್ಲಿ, ಹಣ ಪಡೆದು ಲೈಂಗಿಕ ಸಂಪರ್ಕಕ್ಕೆ ಒಪ್ಪುವುದು ಅಪರಾಧವಲ್ಲ. ಅನೇಕರಿಗೆ ಇದು ಅರ್ಧ ಮಾತ್ರ ಗೊತ್ತಿರುವ ಸಂಗತಿ. ವೃತ್ತಿಯನ್ನು ಮುಟ್ಟದೆ ಅದರ ಸುತ್ತಲಿನ ಜಾಗ, ಜೊತೆಗಾರರು, ಮಾತುಕತೆ ಎಲ್ಲವನ್ನೂ ದಂಡನೆಗೆ ಒಳಪಡಿಸಿದ ಈ ಏರ್ಪಾಟು ಮಹಿಳೆಯರ ಸುರಕ್ಷತೆಯನ್ನು ಹೇಗೆ ಕುಗ್ಗಿಸುತ್ತದೆ ಎಂಬುದನ್ನು ಕಾಯ್ದೆಯ ಒಂದೊಂದು ಕಲಮಿನಲ್ಲೂ ಗುರುತಿಸಬಹುದು.

ಕಾಯ್ದೆ ಬಂದ ದಾರಿ

ಬ್ರಿಟಿಷರ ಕಾಲದಲ್ಲಿ ಸರ್ಕಾರದ ಚಿಂತೆ ಇದ್ದದ್ದು ಸೈನಿಕರ ಆರೋಗ್ಯದ ಬಗ್ಗೆ. 1864ರ ದಂಡುಪ್ರದೇಶ ಕಾಯ್ದೆ, 1868ರ ಸಾಂಕ್ರಾಮಿಕ ರೋಗಗಳ ಕಾಯ್ದೆಗಳು ಈ ವೃತ್ತಿಯ ಮಹಿಳೆಯರನ್ನು ನೋಂದಣಿಗೂ ಕಡ್ಡಾಯ ವೈದ್ಯಕೀಯ ತಪಾಸಣೆಗೂ ಒಳಪಡಿಸಿದವು. ತಪಾಸಣೆ ಮಹಿಳೆಯರಿಗೆ ಮಾತ್ರ, ಸೈನಿಕರಿಗಲ್ಲ. ಭಾರತದಲ್ಲೂ ಇಂಗ್ಲೆಂಡಿನಲ್ಲೂ ಎದ್ದ ವಿರೋಧದಿಂದ ಎರಡನೆಯ ಕಾಯ್ದೆ 1888ರಲ್ಲಿ ರದ್ದಾಯಿತು.

ಈಗಿನ ಕಾಯ್ದೆಯ ಮೂಲ ಬೇರೆ. ಮಾನವ ಸಾಗಣೆಯನ್ನು ತಡೆಯುವ ವಿಶ್ವಸಂಸ್ಥೆಯ ಒಪ್ಪಂದಕ್ಕೆ ಭಾರತ 1950ರ ಮೇ 9ರಂದು ನ್ಯೂಯಾರ್ಕಿನಲ್ಲಿ ಸಹಿ ಹಾಕಿತು. ಅದನ್ನು ಜಾರಿಗೆ ತರಲು 1956ರಲ್ಲಿ ಸಂಸತ್ತು ಕಾಯ್ದೆ ಮಾಡಿತು. 1986ರ ತಿದ್ದುಪಡಿಯಲ್ಲಿ ಅದಕ್ಕೆ ಅನೈತಿಕ ವ್ಯವಹಾರ (ತಡೆ) ಅಧಿನಿಯಮ ಎಂಬ ಹೆಸರು ಬಂತು. ಮಹಿಳೆಯರು, ಹುಡುಗಿಯರು ಎಂದಷ್ಟೇ ಇದ್ದ ಕಡೆ ‘ವ್ಯಕ್ತಿ’ ಎಂಬ ಪದ ಸೇರಿದ್ದರಿಂದ ಪುರುಷರೂ ಲಿಂಗತ್ವ ಅಲ್ಪಸಂಖ್ಯಾತರೂ ಅದರ ವ್ಯಾಪ್ತಿಗೆ ಬಂದರು.

ಕಾಯ್ದೆ ಜಾರಿಯಾದ 1958ರಲ್ಲೇ ಅದನ್ನು ಪ್ರಶ್ನಿಸಿದವರೂ ಇದ್ದರು. ಅಲಹಾಬಾದಿನ ಹುಸ್ನಾ ಬಾಯಿ, ಜೀವನೋಪಾಯ ನಡೆಸುವ ತನ್ನ ಸಾಂವಿಧಾನಿಕ ಹಕ್ಕಿಗೆ ಇದರಿಂದ ಧಕ್ಕೆಯಾಗಿದೆ ಎಂದು ಹೈಕೋರ್ಟಿನ ಮೆಟ್ಟಿಲೇರಿದರು. ಅರ್ಜಿ ವಜಾ ಆಯಿತು. ಬಲವಂತದ ಸಾಗಣೆ ಬೇರೆ, ವಯಸ್ಕಳೊಬ್ಬಳ ದುಡಿಮೆ ಬೇರೆಯೇ, ಎರಡನ್ನೂ ಒಂದೇ ಕಾಯ್ದೆಯಲ್ಲಿ ಕಟ್ಟಬಹುದೇ ಎಂಬ ಪ್ರಶ್ನೆ ಮಾತ್ರ ಅಂದಿನಿಂದ ಇಂದಿನವರೆಗೂ ಉಳಿದಿದೆ.

ಇಬ್ಬರಿದ್ದರೆ ವೇಶ್ಯಾಗೃಹ

ಕಾಯ್ದೆಯ 3ನೇ ಕಲಂ ವೇಶ್ಯಾಗೃಹ ನಡೆಸುವವರನ್ನು ದಂಡಿಸುತ್ತದೆ. ಮೊದಲ ಸಲ ತಪ್ಪು ಸಾಬೀತಾದರೆ ಒಂದರಿಂದ ಮೂರು ವರ್ಷದವರೆಗೆ ಕಠಿಣ ಸಜೆ. ಹೆಣ್ಣುಮಕ್ಕಳನ್ನು ಕೂಡಿಹಾಕಿ ದುಡಿಸುವವರಿಗೆ ಶಿಕ್ಷೆಯಾಗಬೇಕೆಂಬುದರಲ್ಲಿ ಎರಡು ಮಾತಿಲ್ಲ. ತೊಡಕು ಇರುವುದು ವ್ಯಾಖ್ಯೆಯಲ್ಲಿ. ಬೇರೊಬ್ಬರ ಲಾಭಕ್ಕೆ ನಡೆಯುವ ಜಾಗದ ಜೊತೆಗೆ, ಇಬ್ಬರು ಅಥವಾ ಹೆಚ್ಚು ಮಹಿಳೆಯರು ಪರಸ್ಪರ ಲಾಭಕ್ಕಾಗಿ ಬಳಸುವ ಮನೆ, ಕೋಣೆ, ವಾಹನ ಕೂಡ ಕಾಯ್ದೆಯ ಪ್ರಕಾರ ವೇಶ್ಯಾಗೃಹವೇ.

ಇದರ ಪರಿಣಾಮವನ್ನು ಒಂದು ಉದಾಹರಣೆಯಿಂದ ನೋಡಬಹುದು. ಇಬ್ಬರು ಗೆಳತಿಯರು ಬಾಡಿಗೆ ಹಂಚಿಕೊಂಡು ಒಂದು ಮನೆ ಹಿಡಿಯುತ್ತಾರೆ. ಒಬ್ಬಳು ಗಿರಾಕಿಯ ಜೊತೆ ಕೋಣೆಯಲ್ಲಿದ್ದಾಗ ಇನ್ನೊಬ್ಬಳು ಹಜಾರದಲ್ಲಿರುತ್ತಾಳೆ. ಕೂಗಿದರೆ ಕೇಳಿಸುತ್ತದೆ, ಬಾಗಿಲು ತಟ್ಟಲು ಒಬ್ಬರಿದ್ದಾರೆ ಎಂಬ ಅರಿವೇ ಗಿರಾಕಿಯನ್ನು ಹದ್ದುಬಸ್ತಿನಲ್ಲಿ ಇಡುತ್ತದೆ. ಕಾನೂನಿನ ಪ್ರಕಾರ ಆ ಮನೆ ವೇಶ್ಯಾಗೃಹ, ಇಬ್ಬರೂ ಆರೋಪಿಗಳಾಗಬಹುದು. ಅದೇ ಮಹಿಳೆ ಒಬ್ಬಳೇ, ತನ್ನ ಮನೆಯಲ್ಲಿ, ತನ್ನ ಸಂಪಾದನೆಗಾಗಿ ಮಾತ್ರ ದುಡಿದರೆ ಅದು ವೇಶ್ಯಾಗೃಹವಾಗದು. ಕಾನೂನಿಗೆ ಬದ್ಧಳಾಗಿರಬೇಕಾದರೆ ಆಕೆ ಒಂಟಿಯಾಗಿರಬೇಕು. ಒಂಟಿಯಾಗಿದ್ದರೆ ಅಪಾಯ ಹೆಚ್ಚು.

ಮನೆ ಕೊಟ್ಟ ಮಾಲೀಕನಿಗೂ ಎರಡು ವರ್ಷದವರೆಗೆ ಸಜೆಯಾಗಬಹುದು. ಹೀಗಾಗಿ ವಿಷಯ ಗೊತ್ತಾದ ಕೂಡಲೇ ಮಾಲೀಕ ಮನೆ ಖಾಲಿ ಮಾಡಿಸುತ್ತಾನೆ, ಇಲ್ಲವೇ ಸುಮ್ಮನಿರಲು ದುಪ್ಪಟ್ಟು ಬಾಡಿಗೆ ಕೇಳುತ್ತಾನೆ. ಬೆದರಿಕೆಗೆ ಸಿಕ್ಕಿಕೊಂಡ ಮಹಿಳೆ ದೂರು ಕೊಡಲು ಹೋದರೆ ಮೊದಲು ಕಳೆದುಕೊಳ್ಳುವುದು ತಲೆಯ ಮೇಲಿನ ಸೂರನ್ನು.

ಸಂಪಾದನೆಯಲ್ಲಿ ಪಾಲು

4ನೇ ಕಲಂ, ವೇಶ್ಯಾವೃತ್ತಿಯ ಸಂಪಾದನೆಯಲ್ಲಿ ಬದುಕುವವರ ಮೇಲಿನದು. ಹದಿನೆಂಟು ದಾಟಿದ ಯಾರೇ ಆದರೂ ಹೀಗೆ ತಿಳಿದೂ ಬದುಕಿದರೆ ಎರಡು ವರ್ಷದವರೆಗೆ ಸಜೆ ಅಥವಾ ದಂಡ. ತಲೆಹಿಡುಕರನ್ನೂ ಬ್ರೋಕರ್‌ಗಳನ್ನೂ ಹಿಡಿಯುವುದು ಇದರ ಉದ್ದೇಶ. ಆದರೆ ಆಕೆಯ ಜೊತೆ ವಾಸಿಸುವ ಅಥವಾ ಯಾವಾಗಲೂ ಜೊತೆಗೇ ಇರುವ ವಯಸ್ಕರು ಆಕೆಯ ಸಂಪಾದನೆಯಲ್ಲಿ ಬದುಕುತ್ತಿದ್ದಾರೆ ಎಂದೇ ಕಾಯ್ದೆ ಊಹಿಸಿಕೊಳ್ಳುತ್ತದೆ. ಅಲ್ಲವೆಂದು ತೋರಿಸುವ ಹೊಣೆ ಅವರದ್ದು.

ವಯಸ್ಸಾದ ತಾಯಿ, ಕಾಲೇಜು ಓದುವ ಮಗ, ಗಂಡ, ರಾತ್ರಿ ಕರೆದೊಯ್ದು ವಾಪಸು ತರುವ ಗೊತ್ತಿರುವ ಆಟೊ ಚಾಲಕ ಎಲ್ಲರೂ ಈ ಊಹೆಯ ಕೆಳಗೆ ಬರಬಹುದು. ಆಕೆಯನ್ನು ಹಿಂಡುವವನಿಗೂ ಕಾಯುವವನಿಗೂ ಕಲಂ ಭೇದ ಮಾಡುವುದಿಲ್ಲ. ಇನ್ನೊಬ್ಬರನ್ನು ಈ ವೃತ್ತಿಗೆ ಒದಗಿಸುವುದನ್ನು ದಂಡಿಸುವ 5ನೇ ಕಲಮಿನಲ್ಲಂತೂ ‘ಸಮ್ಮತಿ ಇದ್ದರೂ ಇಲ್ಲದಿದ್ದರೂ’ ಎಂದೇ ಇದೆ. ಶಿಕ್ಷೆ ಮೂರರಿಂದ ಏಳು ವರ್ಷ.

ಕಿಟಕಿ, ಬಾಲ್ಕನಿ, ಇನ್ನೂರು ಮೀಟರ್

ಬೀದಿಯಲ್ಲಿ ಹೆಚ್ಚು ಬಳಕೆಯಾಗುವುದು 8ನೇ ಕಲಂ. ಸಾರ್ವಜನಿಕ ಜಾಗದಲ್ಲಿ ಅಥವಾ ಅಲ್ಲಿಂದ ಕಾಣುವಂತೆ ಮಾತು, ಸನ್ನೆ, ದೇಹಪ್ರದರ್ಶನಗಳಿಂದ ಗಿರಾಕಿಯನ್ನು ಕರೆಯುವುದು ಅಪರಾಧ. ಕಿಟಕಿಯ ಬಳಿ ಕೂರುವುದು, ಮನೆಯ ಬಾಲ್ಕನಿಯಲ್ಲಿ ನಿಲ್ಲುವುದು ಕೂಡ ಇದಕ್ಕೆ ಸೇರಬಹುದು ಎಂದು ಕಾಯ್ದೆಯೇ ಬಿಡಿಸಿ ಹೇಳುತ್ತದೆ. ಮೊದಲ ಸಲ ಆರು ತಿಂಗಳವರೆಗೆ ಸಜೆ ಅಥವಾ 500 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಇದೇ ಅಪರಾಧವನ್ನು ಪುರುಷ ಮಾಡಿದರೆ ಏಳು ದಿನದಿಂದ ಮೂರು ತಿಂಗಳು. ಸಜೆಯ ಮೇಲ್ಮಿತಿ ಮಹಿಳೆಗೆ ಎರಡರಷ್ಟಿದೆ.

7ನೇ ಕಲಂ ದೂರವನ್ನು ಅಳೆಯುತ್ತದೆ. ದೇವಸ್ಥಾನ, ಮಸೀದಿ, ಚರ್ಚು, ಶಾಲೆ, ಹಾಸ್ಟೆಲ್, ಆಸ್ಪತ್ರೆ ಇವುಗಳಿಂದ 200 ಮೀಟರ್ ಒಳಗೆ ವ್ಯವಹಾರ ನಡೆದರೆ ಮಹಿಳೆಗೂ ಗಿರಾಕಿಗೂ ಮೂರು ತಿಂಗಳವರೆಗೆ ಸಜೆ. ಬೆಂಗಳೂರಿನ ಮೆಜೆಸ್ಟಿಕ್, ಕೆ.ಆರ್. ಮಾರುಕಟ್ಟೆಯಂಥ ಕಡೆ ಇನ್ನೂರು ಮೀಟರ್ ನಡೆದರೆ ಗುಡಿಯೋ ದರ್ಗಾವೋ ನರ್ಸಿಂಗ್ ಹೋಮೋ ಸಿಗದೆ ಇರುವುದು ಕಷ್ಟ. ನಿಯಮ ಪಾಲಿಸಬೇಕೆಂದರೆ ಜನ ಓಡಾಡುವ, ದೀಪ ಉರಿಯುವ ಜಾಗ ಬಿಟ್ಟು ಹೆದ್ದಾರಿಯ ಬದಿಗೋ ಕೆರೆಯಂಚಿಗೋ ಹೋಗಬೇಕು.

ಕರ್ನಾಟಕದಲ್ಲಿ ಇದರ ಪೆಟ್ಟು ಜೋರು. ಮುಂಬೈನ ಕಾಮಾಟಿಪುರ, ಕೋಲ್ಕತ್ತದ ಸೋನಾಗಾಚಿಯಂಥ ಗೊತ್ತಾದ ಕೇರಿಗಳು ಇಲ್ಲಿ ವಿರಳ. ಬಹುಪಾಲು ಮಹಿಳೆಯರು ಬಸ್ ನಿಲ್ದಾಣ, ಮಾರುಕಟ್ಟೆ, ಲಾಡ್ಜು, ಮನೆ, ಈಗೀಗ ಮೊಬೈಲ್ ಫೋನಿನ ಮೂಲಕ ಚದುರಿ ಕೆಲಸ ಮಾಡುತ್ತಾರೆ. ಬೀದಿಯಲ್ಲಿ ನಿಂತವರ ಮೇಲೆ ಹಾಕುವ ಪೆಟ್ಟಿ ಕೇಸು, ಕೇಸಿಲ್ಲದೆ ಬಿಡಲು ಕೊಡಬೇಕಾದ ಮಾಮೂಲಿ ಎರಡೂ ದಿನದ ಸಂಪಾದನೆಯಿಂದಲೇ ಹೋಗುತ್ತವೆ. ಕಳೆದುಕೊಂಡದ್ದನ್ನು ತುಂಬಿಸಲು ಆಕೆ ಇನ್ನೊಬ್ಬ ಗಿರಾಕಿಯನ್ನು, ಬೇರೆ ದಿನವಾದರೆ ಬೇಡವೆನ್ನುತ್ತಿದ್ದವನನ್ನು, ಒಪ್ಪಿಕೊಳ್ಳಬೇಕಾಗುತ್ತದೆ.

ರೇಡ್ ಆದ ಮೇಲೆ

ವಿಶೇಷ ಪೊಲೀಸ್ ಅಧಿಕಾರಿ ವಾರಂಟ್ ಇಲ್ಲದೆಯೇ ದಾಳಿ ನಡೆಸಬಹುದು. ದಾಳಿಯ ಸಮಯದಲ್ಲಿ ಇಬ್ಬರು ಮಹಿಳಾ ಪೊಲೀಸರು ಇರಬೇಕು, ಪಂಚರಲ್ಲಿ ಒಬ್ಬ ಮಹಿಳೆಯಾದರೂ ಇರಬೇಕು ಎಂಬ ನಿಯಮವಿದೆ. ದಾಳಿಯಲ್ಲಿ ಸಿಕ್ಕ ಗಿರಾಕಿಯ ಮೇಲಿನ ಪ್ರಕರಣ ಬಹಳ ಸಲ ನಿಲ್ಲುವುದಿಲ್ಲ. 3ರಿಂದ 6ನೇ ಕಲಮುಗಳಲ್ಲಿ ಗಿರಾಕಿಯನ್ನು ದಂಡಿಸಲು ಅವಕಾಶವಿಲ್ಲ ಎಂದು ಕರ್ನಾಟಕ ಹೈಕೋರ್ಟ್ ಅನೇಕ ಪ್ರಕರಣಗಳನ್ನು ರದ್ದುಪಡಿಸಿದೆ. ಆತ ಮನೆಗೆ ಹೋಗುತ್ತಾನೆ. ಮಹಿಳೆ ಹೋಗುವುದು ಮ್ಯಾಜಿಸ್ಟ್ರೇಟರ ಮುಂದೆ, ಅಲ್ಲಿಂದ ರಕ್ಷಣಾ ಗೃಹಕ್ಕೆ.

ಆರೈಕೆ ಬೇಕೆಂದು ಮ್ಯಾಜಿಸ್ಟ್ರೇಟರಿಗೆ ಅನ್ನಿಸಿದರೆ ಒಂದರಿಂದ ಮೂರು ವರ್ಷ ಆಕೆಯನ್ನು ಅಲ್ಲಿ ಇಡಬಹುದು. 7 ಅಥವಾ 8ನೇ ಕಲಮಿನಲ್ಲಿ ಶಿಕ್ಷೆಯಾದವಳನ್ನು ಜೈಲಿನ ಬದಲು ಸುಧಾರಣಾ ಸಂಸ್ಥೆಗೆ ಕಳುಹಿಸುವುದಾದರೆ ಅವಧಿ ಎರಡರಿಂದ ಐದು ವರ್ಷ. ಮೊದಲ ಸಲದ ಕರೆಯುವ ಅಪರಾಧಕ್ಕೆ ಸಜೆಯ ಮೇಲ್ಮಿತಿ ಆರೇ ತಿಂಗಳು. ಸುಧಾರಣೆಯ ಕೆಳಮಿತಿ ಎರಡು ವರ್ಷ.

2020ರ ಸೆಪ್ಟೆಂಬರಿನಲ್ಲಿ ಬಾಂಬೆ ಹೈಕೋರ್ಟ್ ಹೀಗೆ ಕೂಡಿಹಾಕಿದ್ದ ಮೂವರು ವಯಸ್ಕ ಮಹಿಳೆಯರನ್ನು ಬಿಡುಗಡೆ ಮಾಡಿತು. ವೇಶ್ಯಾವೃತ್ತಿಯೇ ಅಪರಾಧ ಎಂದು ಕಾಯ್ದೆ ಎಲ್ಲೂ ಹೇಳುವುದಿಲ್ಲ, ವಯಸ್ಕಳಿಗೆ ತನ್ನ ವೃತ್ತಿ ಆರಿಸಿಕೊಳ್ಳುವ ಹಕ್ಕಿದೆ, ಇಷ್ಟವಿಲ್ಲದೆ ಆಕೆಯನ್ನು ಹಿಡಿದಿಡಲಾಗದು ಎಂಬುದು ಆ ತೀರ್ಪಿನ ಸಾರ. ಹದಿನೆಂಟು ತುಂಬದವರ ಮಾತು ಬೇರೆ. ಅವರ ಸಮ್ಮತಿಗೆ ಕಾನೂನಿನಲ್ಲಿ ಬೆಲೆಯಿಲ್ಲ. ಅವರನ್ನು ಬಳಸಿಕೊಂಡವರು ಪೋಕ್ಸೊ ಕಾಯ್ದೆಯಡಿ ಅಪರಾಧಿಗಳಾಗುತ್ತಾರೆ.

ದಾಳಿಯ ಹೆದರಿಕೆ ಇನ್ನೊಂದು ಕೆಲಸ ಮಾಡುತ್ತದೆ. ಪಕ್ಕದ ಕೋಣೆಯಲ್ಲಿ ಚಿಕ್ಕ ಹುಡುಗಿಯನ್ನು ತಂದಿಟ್ಟಿದ್ದಾರೆ ಎಂಬುದು ಮೊದಲು ಗೊತ್ತಾಗುವುದು ಅಲ್ಲೇ ದುಡಿಯುವ ಮಹಿಳೆಯರಿಗೆ. ಆದರೆ ಪೊಲೀಸರಿಗೆ ಫೋನು ಮಾಡಿದರೆ ಹುಡುಗಿಯ ಜೊತೆ ತಾವೂ ಸ್ಟೇಷನ್ ಸೇರಬೇಕೆಂದು ತಿಳಿದವರು ಫೋನು ಮಾಡುವುದಿಲ್ಲ. ಸಾಗಣೆ ತಡೆಯಲು ಮಾಡಿದ ಕಾಯ್ದೆ ತನಗೆ ಸಿಗಬೇಕಾದ ಮಾಹಿತಿದಾರರನ್ನೇ ಕಳೆದುಕೊಳ್ಳುತ್ತದೆ.

ಚೀಲದಲ್ಲಿ ಸಿಕ್ಕ ಕಾಂಡೋಮ್

ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯ ಯೋಜನೆಗಳಲ್ಲಿ ಲೈಂಗಿಕ ಕಾರ್ಯಕರ್ತೆಯರಿಗೆ ಉಚಿತವಾಗಿ ಕಾಂಡೋಮ್ ಹಂಚಲಾಗುತ್ತದೆ. ದಾಳಿಯಲ್ಲಿ ಅದೇ ಕಾಂಡೋಮ್ ಪಂಚನಾಮೆಯ ಪಟ್ಟಿ ಸೇರಿದ್ದು ಎಷ್ಟೋ ಸಲ. ಒಂದು ಇಲಾಖೆ ಕೊಟ್ಟದ್ದನ್ನು ಇನ್ನೊಂದು ಇಲಾಖೆ ಸಾಕ್ಷ್ಯವೆಂದು ಜಪ್ತಿ ಮಾಡಿದರೆ, ಚೀಲದಲ್ಲಿ ಅದನ್ನು ಇಟ್ಟುಕೊಳ್ಳದಿರುವುದೇ ಕ್ಷೇಮ ಎಂಬ ಲೆಕ್ಕಕ್ಕೆ ಮಹಿಳೆಯರು ಬರುತ್ತಾರೆ. ಲಾಡ್ಜಿನವರೂ ಕೋಣೆಯಲ್ಲಿ ಇಡಲು ಒಪ್ಪುವುದಿಲ್ಲ. ಎಚ್‌ಐವಿ ಸೋಂಕು ತಡೆಯುವ ಇಂಥ ಕ್ರಮಗಳನ್ನು ಅಪರಾಧವೆಂದು ಕಾಣುವಂತಿಲ್ಲ ಎಂದು 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ ಸ್ಪಷ್ಟಪಡಿಸಿತು.

ಪೊಲೀಸ್ ಕ್ರಮಕ್ಕೂ ಹಿಂಸೆಗೂ ಇರುವ ನಂಟನ್ನು ಅಳೆದ ದೊಡ್ಡ ಅಧ್ಯಯನ 2018ರಲ್ಲಿ ಪ್ಲಾಸ್ ಮೆಡಿಸಿನ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಹಲವು ದೇಶಗಳ ಸಂಶೋಧನೆಗಳನ್ನು ಒಟ್ಟುಗೂಡಿಸಿ ನೋಡಿದಾಗ, ಬಂಧನ, ಜಪ್ತಿ, ಎತ್ತಂಗಡಿಯಂಥ ದಮನಕಾರಿ ಪೊಲೀಸ್ ಕ್ರಮ ಎದುರಿಸಿದವರ ಮೇಲೆ ದೈಹಿಕ ಅಥವಾ ಲೈಂಗಿಕ ಹಲ್ಲೆ ನಡೆಯುವ ಸಂಭವ ಉಳಿದವರಿಗಿಂತ ಸುಮಾರು ಮೂರು ಪಟ್ಟು ಹೆಚ್ಚಿತ್ತು.

ಸ್ಟೇಷನ್ ಮೆಟ್ಟಿಲು

ಹಣ ಪಡೆದಳೆಂದ ಮಾತ್ರಕ್ಕೆ ಎಲ್ಲಕ್ಕೂ ಒಪ್ಪಿದಳೆಂದು ಕಾನೂನು ಭಾವಿಸುವುದಿಲ್ಲ. ಸಮ್ಮತಿ ಇಲ್ಲದ ಸಂಪರ್ಕ ಅತ್ಯಾಚಾರವೇ. ಆದರೂ ನ್ಯಾಯಾಲಯದ ಒಳಗೆ ಬಹುಕಾಲ ಬೇರೆಯದೇ ಅಳತೆ ಇತ್ತು. ಅತ್ಯಾಚಾರ ಪ್ರಕರಣದಲ್ಲಿ ದೂರುದಾರೆ ‘ಶೀಲವಂತೆಯಲ್ಲ’ ಎಂದು ತೋರಿಸಿ ಆಕೆಯ ಸಾಕ್ಷ್ಯದ ಬೆಲೆ ಕಳೆಯಲು ಆರೋಪಿಗೆ 1872ರ ಸಾಕ್ಷ್ಯ ಕಾಯ್ದೆ ಅವಕಾಶ ಕೊಟ್ಟಿತ್ತು. ಆ ಅವಕಾಶ ಹೋದದ್ದು 2003ರ ತಿದ್ದುಪಡಿಯಲ್ಲಿ.

ಕಾನೂನಿನ ಪುಸ್ತಕ ಬದಲಾದರೂ ಸ್ಟೇಷನ್ನಿನ ಮೇಜು ಬದಲಾಗಲು ತಡವಾಗುತ್ತದೆ. ದೂರು ಬರೆದುಕೊಳ್ಳುವ ಮುನ್ನ ‘ಅಷ್ಟು ಹೊತ್ತಿನಲ್ಲಿ ಅಲ್ಲಿ ಯಾಕಿದ್ದೆ’ ಎಂಬ ಪ್ರಶ್ನೆ ಬರುತ್ತದೆ. ಅದಕ್ಕೆ ನಿಜ ಹೇಳಿದರೆ ದೂರುದಾರೆಯೇ 8ನೇ ಕಲಮಿನ ಆರೋಪಿಯಾಗಬಹುದು. ಇದು ದಾಳಿಕೋರನಿಗೂ ಗೊತ್ತು. ಹಣ ಕೊಡದೆ ಹೋಗುವವನು, ಹೊಡೆದು ಮೊಬೈಲ್ ಕಿತ್ತುಕೊಳ್ಳುವವನು, ಒಬ್ಬನೆಂದು ಕರೆದೊಯ್ದು ನಾಲ್ವರ ಮುಂದೆ ನಿಲ್ಲಿಸುವವನು ಎಲ್ಲರ ಧೈರ್ಯಕ್ಕೂ ಕಾರಣ ಆಕೆ ದೂರು ಕೊಡಲಾರಳು ಎಂಬ ಖಾತರಿ.

ಎಬ್ಬಿಸಿದರೆ ಏನಾಗುತ್ತದೆ

20ನೇ ಕಲಮಿನಂತೆ, ಸಾರ್ವಜನಿಕ ಹಿತಕ್ಕೆ ಅಗತ್ಯವೆಂದು ಕಂಡರೆ ಮ್ಯಾಜಿಸ್ಟ್ರೇಟರು ಮಹಿಳೆಯೊಬ್ಬಳನ್ನು ಆ ಪ್ರದೇಶದಿಂದಲೇ ಹೊರಹಾಕಬಹುದು. ಸುಪ್ರೀಂ ಕೋರ್ಟ್ 1963ರಲ್ಲಿ ಕೌಶಲ್ಯಾ ಪ್ರಕರಣದಲ್ಲಿ ಈ ಅಧಿಕಾರವನ್ನು ಎತ್ತಿಹಿಡಿದಿದೆ. ಇಡೀ ಕೇರಿಯನ್ನೇ ಎಬ್ಬಿಸಿದಾಗ ಏನಾಗುತ್ತದೆ ಎಂಬುದಕ್ಕೆ ಕನ್ನಡಿಗರಿಗೆ ಹತ್ತಿರದ ಉದಾಹರಣೆ ಗೋವಾದ ವಾಸ್ಕೋ ಬಳಿಯ ಬೈನಾ ಕಡಲತೀರ.

ಬೈನಾದಲ್ಲಿ ದುಡಿಯುತ್ತಿದ್ದವರಲ್ಲಿ ಅನೇಕರು ಕರ್ನಾಟಕ, ಆಂಧ್ರಗಳಿಂದ ಹೋದವರು. 2004ರ ಜೂನ್‌ನಲ್ಲಿ, ಮಳೆಗಾಲ ಹಿಡಿದ ಹೊತ್ತಿಗೆ, ಅಲ್ಲಿನ ಮನೆಗಳನ್ನು ನೆಲಸಮ ಮಾಡಲಾಯಿತು. ವೃತ್ತಿ ನಿಲ್ಲಲಿಲ್ಲ. ಮಹಿಳೆಯರು ಲಾಡ್ಜು, ಬೀದಿ, ಬಾಡಿಗೆ ಕೋಣೆಗಳಿಗೆ ಚದುರಿದರು. ಒಂದೇ ಕಡೆ ಇದ್ದಾಗ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ ತಲುಪಿಸುತ್ತಿದ್ದ ಔಷಧಿ, ಕಾಂಡೋಮ್, ಸಲಹೆಗಳ ವ್ಯವಸ್ಥೆ ಕುಸಿಯಿತು. ಅಕ್ಕಪಕ್ಕದವರ ಆಸರೆಯೂ ತಪ್ಪಿತು.

ಬೇರೆ ದೇಶಗಳು ಆರಿಸಿದ ದಾರಿ

ಭಾರತದ 3, 4, 8ನೇ ಕಲಮುಗಳನ್ನೇ ಹೋಲುವ ಮೂರು ನಿಯಮಗಳು ಕೆನಡಾದಲ್ಲೂ ಇದ್ದವು. ಟೆರಿ-ಜೀನ್ ಬೆಡ್‌ಫರ್ಡ್ ಮತ್ತು ಇನ್ನಿಬ್ಬರು ಮಹಿಳೆಯರು ಅವನ್ನು ಪ್ರಶ್ನಿಸಿದರು. 2013ರ ಡಿಸೆಂಬರ್ 20ರಂದು ಅಲ್ಲಿನ ಸುಪ್ರೀಂ ಕೋರ್ಟಿನ ಒಂಬತ್ತೂ ನ್ಯಾಯಮೂರ್ತಿಗಳು ಒಮ್ಮತದಿಂದ ಮೂರನ್ನೂ ಅಸಾಂವಿಧಾನಿಕವೆಂದರು. ಒಂದೇ ಸೂರಿನಡಿ ದುಡಿಯದಂತೆ, ಅಂಗರಕ್ಷಕನನ್ನೋ ಚಾಲಕನನ್ನೋ ಇಟ್ಟುಕೊಳ್ಳದಂತೆ, ಗಿರಾಕಿಯನ್ನು ಮಾತಾಡಿಸಿ ಅಳೆಯದಂತೆ ತಡೆಯುವ ಕಾನೂನು ಮಹಿಳೆಯರ ಜೀವಕ್ಕೇ ಅಪಾಯ ತರುತ್ತದೆ ಎಂಬುದು ನ್ಯಾಯಾಲಯದ ತರ್ಕ. ವ್ಯಾಂಕೂವರ್ ನಗರದಲ್ಲಿ ಬೀದಿಯ ಮಹಿಳೆಯರು ಸಾಲಾಗಿ ಕಾಣೆಯಾಗಿ ಕೊಲೆಯಾಗಿದ್ದ ಕಾಲದ ನೆನಪು ಆ ತೀರ್ಪಿನ ಹಿಂದೆ ಇತ್ತು. 2014ರಲ್ಲಿ ಕೆನಡಾ ಹೊಸ ಕಾಯ್ದೆ ತಂದು, ಮಾರುವವರ ಬದಲು ಕೊಳ್ಳುವವರನ್ನು ಮುಖ್ಯ ಅಪರಾಧಿಗಳನ್ನಾಗಿಸಿತು.

ಈ ಪದ್ಧತಿ ಹುಟ್ಟಿದ್ದು ಸ್ವೀಡನ್‌ನಲ್ಲಿ, 1999ರಲ್ಲಿ. ನಾರ್ವೆ, ಐಸ್‌ಲ್ಯಾಂಡ್, ಫ್ರಾನ್ಸ್, ಐರ್ಲೆಂಡ್‌ಗಳು ಅದನ್ನು ಅನುಸರಿಸಿವೆ. ಬೇಡಿಕೆ ಕುಗ್ಗಿದರೆ ಸಾಗಣೆ ತಾನಾಗಿ ಕುಗ್ಗುತ್ತದೆ, ಮಹಿಳೆಗೆ ಶಿಕ್ಷೆಯೂ ತಪ್ಪುತ್ತದೆ ಎಂಬುದು ಬೆಂಬಲಿಗರ ವಾದ. ಸ್ವೀಡನ್ ಸರ್ಕಾರದ 2010ರ ಪರಾಮರ್ಶೆಯೂ ಬೀದಿ ವ್ಯವಹಾರ ಅರ್ಧಕ್ಕೆ ಇಳಿದಿದೆ ಎಂದಿತು. ಅದು ನಿಜವಾಗಿ ಕಡಿಮೆಯಾಯಿತೋ, ಇಂಟರ್ನೆಟ್ಟಿಗೂ ಮನೆಗಳಿಗೂ ಸರಿಯಿತೋ ಎಂಬ ವಾದ ಮುಗಿದಿಲ್ಲ. ಸಿಕ್ಕಿಬೀಳುವ ಹೆದರಿಕೆಯಲ್ಲಿ ಗಿರಾಕಿ ಹೆಸರು, ನಂಬರು ಕೊಡಲೊಪ್ಪದಿದ್ದರೆ ಆತನನ್ನು ಅಳೆಯುವ ಅವಕಾಶ ಇಲ್ಲೂ ತಪ್ಪುತ್ತದೆ ಎಂಬುದು ಮಹಿಳೆಯರ ಸಂಘಟನೆಗಳ ದೂರು. ಫ್ರಾನ್ಸಿನ ಕಾಯ್ದೆಯನ್ನು ಪ್ರಶ್ನಿಸಿದವರು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದಲ್ಲಿ 2024ರ ಜುಲೈನಲ್ಲಿ ಸೋತರು.

ಜರ್ಮನಿಯದು ಮೂರನೆಯ ದಾರಿ. 2002ರಲ್ಲಿ ವೃತ್ತಿಗೆ ಕಾನೂನಿನ ಮಾನ್ಯತೆ ಕೊಟ್ಟ ದೇಶ 2017ರಲ್ಲಿ ನೋಂದಣಿಯನ್ನು ಕಡ್ಡಾಯ ಮಾಡಿತು. ಮನೆಯವರಿಗೆ ಗೊತ್ತಾಗುವ ಹೆದರಿಕೆ, ವೀಸಾ ತೊಡಕುಗಳಿಂದ ಬಹಳ ಮಂದಿ ನೋಂದಣಿಯಿಂದ ದೂರ ಉಳಿದಿದ್ದಾರೆ. ನೋಂದಾಯಿತರಿಗೆ ರಕ್ಷಣೆ, ಉಳಿದವರು ಕಾನೂನಿನ ಹೊರಗೆ ಎಂಬ ಎರಡು ವರ್ಗ ಅಲ್ಲಿ ಹುಟ್ಟಿಕೊಂಡಿದೆ.

ನ್ಯೂಜಿಲೆಂಡ್ 2003ರಲ್ಲಿ ದಂಡನೆಯನ್ನೇ ತೆಗೆದುಹಾಕಿತು. ಮಸೂದೆ ಗೆದ್ದದ್ದು ಒಂದೇ ಮತದಿಂದ, ಪರವಾಗಿ 60, ವಿರುದ್ಧ 59. ಒಬ್ಬ ಸಂಸದ ಮತ ಹಾಕಲಿಲ್ಲ. ಅಲ್ಲಿ ನಾಲ್ವರವರೆಗೆ ಸೇರಿ, ಮಾಲೀಕನಿಲ್ಲದೆ, ಲೈಸೆನ್ಸ್ ಇಲ್ಲದೆಯೇ ಒಂದು ಮನೆಯಲ್ಲಿ ದುಡಿಯಬಹುದು. ಒಪ್ಪಂದವಾದ ಮೇಲೂ ಯಾವ ಹಂತದಲ್ಲಾದರೂ ಬೇಡವೆನ್ನುವ ಹಕ್ಕು ಕಾಯ್ದೆಯಲ್ಲೇ ಇದೆ. 2014ರಲ್ಲಿ ಮಹಿಳೆಯೊಬ್ಬಳು ತನಗೆ ಲೈಂಗಿಕ ಕಿರುಕುಳ ಕೊಟ್ಟ ವೇಶ್ಯಾಗೃಹದ ನಿರ್ವಾಹಕನ ವಿರುದ್ಧ ಮಾನವ ಹಕ್ಕುಗಳ ನ್ಯಾಯಮಂಡಳಿಗೆ ಹೋಗಿ 25,000 ಡಾಲರ್ ಪರಿಹಾರ ಪಡೆದಳು. ಆದರೆ ತಾತ್ಕಾಲಿಕ ವೀಸಾದ ಮೇಲೆ ಬಂದವರಿಗೆ ಈ ವೃತ್ತಿ ನಿಷಿದ್ಧ. ಗಡೀಪಾರಿನ ಭಯದಲ್ಲಿ ಅವರು ಇಂದಿಗೂ ದೂರು ಕೊಡಲು ಹಿಂಜರಿಯುತ್ತಾರೆ. ಬೆಲ್ಜಿಯಂ 2022ರಲ್ಲಿ ಇದೇ ಹಾದಿ ಹಿಡಿದು, 2024ರ ಡಿಸೆಂಬರಿನಿಂದ ಉದ್ಯೋಗ ಒಪ್ಪಂದ, ಹೆರಿಗೆ ರಜೆ, ಪಿಂಚಣಿಗಳಿಗೂ ಅವಕಾಶ ಕೊಟ್ಟಿದೆ.

ಅಮೆರಿಕದ ರೋಡ್ ಐಲೆಂಡ್ ರಾಜ್ಯದಲ್ಲಿ ಕಾನೂನಿನ ಲೋಪವೊಂದರಿಂದ 2003ರಿಂದ 2009ರವರೆಗೆ ನಾಲ್ಕು ಗೋಡೆಯೊಳಗಿನ ವ್ಯವಹಾರಕ್ಕೆ ದಂಡನೆ ಇರಲಿಲ್ಲ. ಆ ಅವಧಿಯಲ್ಲಿ ರಾಜ್ಯದಲ್ಲಿ ದಾಖಲಾದ ಅತ್ಯಾಚಾರ ಪ್ರಕರಣಗಳು ಸುಮಾರು ಶೇ 30ರಷ್ಟು, ಮಹಿಳೆಯರಲ್ಲಿ ಗೊನೊರಿಯಾ ಸೋಂಕು ಸುಮಾರು ಶೇ 40ರಷ್ಟು ಇಳಿದವು ಎಂದು ಅರ್ಥಶಾಸ್ತ್ರಜ್ಞರಾದ ಸ್ಕಾಟ್ ಕನಿಂಗ್‌ಹ್ಯಾಮ್ ಮತ್ತು ಮನೀಷಾ ಶಾ ಲೆಕ್ಕಹಾಕಿದ್ದಾರೆ. ಆ ಕಾಲದಲ್ಲಿ ವ್ಯವಹಾರದ ಪ್ರಮಾಣ ಹೆಚ್ಚಿತ್ತು ಎಂಬುದನ್ನೂ ಅದೇ ಅಧ್ಯಯನ ಹೇಳುತ್ತದೆ.

ಮೈಸೂರಿನ ಪಾಠ

ಕಾಯ್ದೆ ಬದಲಾಗದೆಯೂ ಎಷ್ಟರಮಟ್ಟಿಗೆ ಸುರಕ್ಷತೆ ಸಾಧ್ಯ ಎಂಬುದಕ್ಕೆ ಕರ್ನಾಟಕದಲ್ಲೇ ಉತ್ತರ ಸಿಗುತ್ತದೆ. 2000ದ ದಶಕದಲ್ಲಿ ಎಚ್‌ಐವಿ ತಡೆಗಾಗಿ ಇಲ್ಲಿ ನಡೆದ ಕೆಲಸ ಬಹುಬೇಗ ಹಿಂಸೆಯ ಪ್ರಶ್ನೆಗೆ ಬಂದು ನಿಂತಿತು. ಹೊಡೆತ ತಿಂದವಳು ಕಾಂಡೋಮ್‌ಗಾಗಿ ಹಟ ಹಿಡಿಯಲಾರಳು. ಮೈಸೂರಿನಲ್ಲಿ ಲೈಂಗಿಕ ವೃತ್ತಿನಿರತರೇ ಕಟ್ಟಿ ನಡೆಸಿದ ಆಶೋದಯ ಸಮಿತಿ, ಪೊಲೀಸರ ಜೊತೆ ಮಾತುಕತೆಯನ್ನೂ ಸಂಕಟದಲ್ಲಿರುವವರಿಗೆ ಸ್ಪಂದಿಸುವುದನ್ನೂ ಆರೋಗ್ಯ ಕಾರ್ಯಕ್ರಮದ ಭಾಗವಾಗಿಸಿತು. ರಾಜ್ಯದ ಇತರ ಜಿಲ್ಲೆಗಳಲ್ಲೂ ಹಲ್ಲೆ ನಡೆದಾಗ ಧಾವಿಸುವ ತಂಡಗಳು, ಪೊಲೀಸರಿಗೆ ತರಬೇತಿ, ವಕೀಲರ ನೆರವು ಬಂದವು.

ಈ ಪ್ರಯತ್ನಗಳ ಪರಿಣಾಮವನ್ನು ನೋಡಿದ, 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಎರಡು ಸಂಗತಿ ಕಂಡವು. ಹಿಂಸೆ ಅನುಭವಿಸಿದವರಲ್ಲಿ ಕಾಂಡೋಮ್ ಬಳಕೆ ಕಡಿಮೆ, ಸೋಂಕು ಹೆಚ್ಚು ಇತ್ತು. ಕಾರ್ಯಕ್ರಮ ನಡೆದ ಮೇಲೆ ಹಿಂಸೆಯ ವರದಿ ಇಳಿದಿತ್ತು. ಸಂಘಟನೆ, ಸ್ಪಂದಿಸುವ ಪೊಲೀಸರು ಇದ್ದರೆ ಅಪಾಯ ತಗ್ಗುತ್ತದೆ ಎಂಬುದು ಇದರಿಂದ ಸ್ಪಷ್ಟ. ಅನುದಾನ ನಿಂತಾಗ, ಠಾಣಾಧಿಕಾರಿಯ ವರ್ಗಾವಣೆಯಾದಾಗ ಮತ್ತೆ ಮೊದಲಿನಿಂದ ಶುರು ಮಾಡಬೇಕಾಗುವುದು ಇದರ ಮಿತಿ.

ಸುಪ್ರೀಂ ಕೋರ್ಟಿನ ಆದೇಶ

1999ರಲ್ಲಿ ಕೋಲ್ಕತ್ತದಲ್ಲಿ ಲೈಂಗಿಕ ಕಾರ್ಯಕರ್ತೆಯೊಬ್ಬಳನ್ನು ತಲೆ ಜಜ್ಜಿ ಕೊಲ್ಲಲಾಯಿತು. ಅಪರಾಧಿಯ ಮೇಲ್ಮನವಿಯನ್ನು 2011ರ ಫೆಬ್ರುವರಿಯಲ್ಲಿ ವಜಾ ಮಾಡಿದ ಸುಪ್ರೀಂ ಕೋರ್ಟ್, ಪ್ರಕರಣವನ್ನು ಅಲ್ಲಿಗೇ ಮುಗಿಸಲಿಲ್ಲ. ಈ ಮಹಿಳೆಯರಿಗೂ ಸಂವಿಧಾನದ 21ನೇ ವಿಧಿಯ ಘನತೆಯ ಬದುಕು ಸಲ್ಲಬೇಕೆಂದು ಹೇಳಿ, ಅದನ್ನೇ ಸಾರ್ವಜನಿಕ ಹಿತಾಸಕ್ತಿ ಪ್ರಕರಣವಾಗಿ ಮುಂದುವರಿಸಿ, ಹಿರಿಯ ವಕೀಲ ಪ್ರದೀಪ್ ಘೋಷ್ ಅಧ್ಯಕ್ಷತೆಯ ಸಮಿತಿ ನೇಮಿಸಿತು.

2022ರ ಮೇ 19ರಂದು ನ್ಯಾಯಮೂರ್ತಿ ಎಲ್. ನಾಗೇಶ್ವರ ರಾವ್ ನೇತೃತ್ವದ ಪೀಠ ಆ ಸಮಿತಿಯ ಶಿಫಾರಸುಗಳ ಮೇಲೆ ಆದೇಶ ನೀಡಿತು. ಲೈಂಗಿಕ ಹಲ್ಲೆಗೊಳಗಾದ ಕಾರ್ಯಕರ್ತೆಗೆ ಇತರ ಸಂತ್ರಸ್ತೆಯರಿಗೆ ಸಿಗುವ ಎಲ್ಲ ನೆರವೂ, ತಕ್ಷಣದ ಚಿಕಿತ್ಸೆಯೂ ಸಿಗಬೇಕು; ರಕ್ಷಣಾ ಗೃಹಗಳ ಸಮೀಕ್ಷೆ ನಡೆಸಿ, ಇಷ್ಟವಿಲ್ಲದೆ ಹಿಡಿದಿಟ್ಟ ವಯಸ್ಕರ ಬಿಡುಗಡೆಗೆ ಕ್ರಮ ಕೈಗೊಳ್ಳಬೇಕು; ಪೊಲೀಸರು ಘನತೆಯಿಂದ ನಡೆದುಕೊಳ್ಳಬೇಕು; ದಾಳಿಯ ಸುದ್ದಿಯಲ್ಲಿ ಮಾಧ್ಯಮಗಳು ಗುರುತು ಬಯಲು ಮಾಡಬಾರದು; ಕಾಂಡೋಮ್ ಇಟ್ಟುಕೊಂಡದ್ದನ್ನು ಅಪರಾಧದ ಸಾಕ್ಷ್ಯ ಎನ್ನಬಾರದು ಎಂದು ಅದರಲ್ಲಿದೆ. ಆಧಾರ್ ಪಡೆಯಲು ವಿಳಾಸದ ದಾಖಲೆ ಇಲ್ಲದವರಿಗೆ ಏಡ್ಸ್ ನಿಯಂತ್ರಣ ಸಂಸ್ಥೆಯ ಅಧಿಕಾರಿಯ ಪ್ರಮಾಣಪತ್ರ ಸಾಕು ಎಂದೂ ನ್ಯಾಯಾಲಯ ಹೇಳಿತು.

ಸಮಿತಿಯ ಎಲ್ಲ ಶಿಫಾರಸುಗಳೂ ಕಡ್ಡಾಯವಾಗಲಿಲ್ಲ. ಕೆಲವಕ್ಕೆ ಕೇಂದ್ರ ಸರ್ಕಾರ ತಕರಾರು ಎತ್ತಿತ್ತು. ಅವನ್ನು ಬಿಟ್ಟು ಉಳಿದವನ್ನು ಪಾಲಿಸುವಂತೆ ರಾಜ್ಯಗಳಿಗೆ ನಿರ್ದೇಶನ ಹೋಯಿತು. ಕಾಯ್ದೆಯ ಕಲಮುಗಳು ಮಾತ್ರ ಮೊದಲಿದ್ದಂತೆಯೇ ಇವೆ.

ಈಗ ಇರುವುದು, ಇನ್ನು ಆಗಬೇಕಾದದ್ದು

ಈಗಿರುವ ಕಾನೂನಿನಲ್ಲೇ ಬಳಸಬಹುದಾದ ಕೆಲವು ಆಸರೆಗಳಿವೆ. ಹಲ್ಲೆ ಯಾವ ಠಾಣೆಯ ವ್ಯಾಪ್ತಿಯಲ್ಲಿ ನಡೆದಿದ್ದರೂ ಯಾವುದೇ ಠಾಣೆಯಲ್ಲಿ ದೂರು ದಾಖಲಿಸಬಹುದು. ಅತ್ಯಾಚಾರದ ದೂರು ಬರೆದುಕೊಳ್ಳದ ಪೊಲೀಸ್ ಅಧಿಕಾರಿಗೆ ಭಾರತೀಯ ನ್ಯಾಯ ಸಂಹಿತೆಯಲ್ಲಿ ಶಿಕ್ಷೆ ಇದೆ. ಸರ್ಕಾರಿಯಾಗಲಿ ಖಾಸಗಿಯಾಗಲಿ, ಆಸ್ಪತ್ರೆ ಅತ್ಯಾಚಾರ ಸಂತ್ರಸ್ತೆಗೆ ಉಚಿತ ಪ್ರಥಮ ಚಿಕಿತ್ಸೆ ಕೊಡಲೇಬೇಕು. ಆದಾಯ ಎಷ್ಟೇ ಇರಲಿ, ಮಹಿಳೆಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ.

ಕಾಯ್ದೆಯ ತಿದ್ದುಪಡಿಯ ಮಾತು ಹೊಸದಲ್ಲ. 2006ರಲ್ಲಿ ಲೋಕಸಭೆಯಲ್ಲಿ ಮಂಡನೆಯಾದ ಮಸೂದೆ 8 ಮತ್ತು 20ನೇ ಕಲಮುಗಳನ್ನು ಕೈಬಿಡಲು ಹೊರಟಿತ್ತು. ಜೊತೆಗೆ ಗಿರಾಕಿಯನ್ನು ದಂಡಿಸುವ ಹೊಸ ಕಲಮನ್ನೂ ಸೇರಿಸಿತ್ತು. ಅದರ ಮೇಲೆ ಒಮ್ಮತ ಮೂಡದೆ ಮಸೂದೆ ಬಿದ್ದುಹೋಯಿತು. ಬಡತನ, ಜಾತಿ, ದೇವದಾಸಿ ಪದ್ಧತಿಯಂಥ ಕಟ್ಟುಗಳಿಂದ ಈ ವೃತ್ತಿಗೆ ಬಿದ್ದವರ ‘ಆಯ್ಕೆ’ಯನ್ನು ಆಯ್ಕೆ ಎನ್ನಲಾದೀತೇ ಎಂದು ಒಂದು ಬಣ ಕೇಳುತ್ತದೆ. ಹೇಗೆ ಬಂದಿದ್ದರೂ ಇಂದು ರಾತ್ರಿ ಅವರು ಹೊಡೆತವಿಲ್ಲದೆ ಮನೆ ಸೇರಬೇಕಲ್ಲ ಎಂದು ಇನ್ನೊಂದು ಬಣ ಕೇಳುತ್ತದೆ.

ಎರಡೂ ಬಣಗಳು ಒಪ್ಪುವ ಕೆಲಸ ಕಡಿಮೆಯಿಲ್ಲ. ಬೀದಿಯಲ್ಲಿ ನಿಂತ ಮಹಿಳೆಯನ್ನು ದಂಡಿಸಬೇಕೆಂದು ಸ್ವೀಡನ್ ಮಾದರಿಯವರೂ ಹೇಳುವುದಿಲ್ಲ, ನ್ಯೂಜಿಲೆಂಡ್ ಮಾದರಿಯವರೂ ಹೇಳುವುದಿಲ್ಲ. ಮಕ್ಕಳನ್ನೂ ಬಲವಂತಕ್ಕೆ ಸಿಕ್ಕವರನ್ನೂ ಬಿಡಿಸುವ ಕಲಮುಗಳು ಗಟ್ಟಿಯಾಗಿ ಉಳಿಯಬೇಕೆಂಬುದರಲ್ಲೂ ಭಿನ್ನಮತವಿಲ್ಲ. ಕರೆಯುವುದನ್ನು ಅಪರಾಧವೆನ್ನುವ 8ನೇ ಕಲಂ, ಊರಿನಿಂದ ಹೊರಹಾಕುವ 20ನೇ ಕಲಂ, ಮನೆಯವರನ್ನೇ ಶಂಕಿಸುವ 4ನೇ ಕಲಮಿನ ಊಹೆ, ಇಬ್ಬರು ಒಟ್ಟಿಗಿದ್ದರೆ ವೇಶ್ಯಾಗೃಹವೆನ್ನುವ ವ್ಯಾಖ್ಯೆ ಈ ನಾಲ್ಕನ್ನು ತೆಗೆದರೂ ಸಾಗಣೆದಾರರನ್ನು ಶಿಕ್ಷಿಸುವ ಅಧಿಕಾರ ಕಾಯ್ದೆಯಲ್ಲಿ ಹಾಗೇ ಉಳಿಯುತ್ತದೆ. ಆ ತಿದ್ದುಪಡಿ ಮಾಡಬೇಕಾದದ್ದು ಸಂಸತ್ತು.